ಕಟ್ಟರಿಗೆ ಮಂಗಳಾರತಿ

ಬಡಗಿಗಳನ್ನು ಕಂಡರೆ ನಾನು ಮೊದಲು ನೋಡುವುದು ಅವರ ಮುಖವನ್ನಲ್ಲ, ಬೆರಳುಗಳನ್ನು. ಇದು ಒಳ್ಳೆಯ ಅಭ್ಯಾಸವೆಂದು ನಾನು ಹೇಳುವುದಿಲ್ಲ. ಎದುರಿಗೆ ಬಂದವರು ಕೈ ಮುಗಿದು ‘ನಮಸ್ಕಾರ ಮೇಷ್ಟ್ರೇ’ ಎಂದರೆ, ಆ ಮುಗಿದ ಕೈಗಳ ಮೇಲೇ ಕಣ್ಣು ನೆಟ್ಟು, ಬೆರಳುಗಳೆಲ್ಲ ತುದಿಯವರೆಗೂ ಇವೆಯೇ ಎಂದು ವಿಚಾರಿಸಿಕೊಂಡು, ಆಮೇಲೆ ನಾನು ನಮಸ್ಕಾರ ಎನ್ನುತ್ತೇನೆ. ಅಷ್ಟು ಹೊತ್ತಿಗೆ ಅವರ ಕೈ ಕೆಳಗಿಳಿದಿರುತ್ತದೆ. ಮೇಷ್ಟರಿಗೆ ಜಂಬ ಹೆಚ್ಚಿತು ಎಂದು ಅವರು ಅಂದುಕೊಂಡರೆ ಅದು ಅವರ ತಪ್ಪಲ್ಲ.

ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಮ್ಮದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಮನೆ. ತಲೆತಲಾಂತರದಿಂದ ದೇವಸ್ಥಾನದ ಸೇವೆಯವರು. ನಮ್ಮ ವಂಶದಲ್ಲಿ ತೆಂಗಿನಕಾಯಿಗಿಂತ ಗಟ್ಟಿಯಾದದ್ದನ್ನು ಒಡೆದವರು ಯಾರೂ ಇಲ್ಲ. ಈಗ ಪೂಜೆಯನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ. ನಾನು ಪಾಂಡವಪುರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಇಂಥ ನಾನು ಒಂದು ದಿನ, ಪುಸ್ತಕದ ಹಲಗೆ ಗೋಡೆಗೆ ಹೊಡೆಸಲು ಯಾರನ್ನು ಕರೆದರೂ ಬರಲಿಲ್ಲವೆಂಬ ಕೋಪದಲ್ಲಿ, ಒಂದು ಡ್ರಿಲ್ಲಿಂಗ್ ಮೆಷಿನ್ ಕೊಂಡು ತಂದೆ.

ಡಬ್ಬಿಯೊಳಗೆ ಮೆಷಿನ್ನಿನ ಜೊತೆ ಒಂದು ಮಡಿಸಿದ ಕಾಗದವಿತ್ತು. ಕೊಂಡವರು ಮೊದಲು ಎಸೆಯುವುದು ಅದನ್ನೇ ಎಂದು ಅಂಗಡಿಯವನು ಹೇಳಿದ್ದ. ನನಗೋ ಅಚ್ಚಾದದ್ದೇನೇ ಸಿಕ್ಕರೂ ಓದದಿದ್ದರೆ ಊಟ ಸೇರುವುದಿಲ್ಲ. ಕಡಲೇಕಾಯಿ ಪೊಟ್ಟಣವನ್ನೂ ಬಿಚ್ಚಿ ಓದುವವನು. ಆ ಕಾಗದದಲ್ಲಿ ಎಷ್ಟೋ ಭಾಷೆಗಳಿದ್ದವು, ಕನ್ನಡ ಇರಲಿಲ್ಲ. ಆದರೆ ಚಿತ್ರಗಳಿದ್ದವು. ಕಣ್ಣು ಮೂಗಿಲ್ಲದ ಒಬ್ಬ ಮನುಷ್ಯ, ಅವನಿಗೆ ಇಳಿಬಿದ್ದ ಬಟ್ಟೆ, ಅದರ ಮೇಲೆ ಕೆಂಪು ಅಡ್ಡಗೆರೆ. ಕೊರಳಲ್ಲಿ ಸರ, ಅದರ ಮೇಲೆ ಅಡ್ಡಗೆರೆ. ಉದ್ದ ಕೂದಲು, ಒದ್ದೆ ನೆಲ, ಬರಿಗಾಲು, ಎಲ್ಲಕ್ಕೂ ಅಡ್ಡಗೆರೆ. ಭಾನುವಾರದ ಸ್ನಾನ ಮುಗಿಸಿ ಬಂದು ಅದನ್ನು ಓದುತ್ತಿದ್ದ ನಾನು ಒಮ್ಮೆ ನನ್ನನ್ನೇ ನೋಡಿಕೊಂಡೆ. ನೀರು ತೊಟ್ಟಿಕ್ಕುವ ತಲೆ, ಹೆಗಲ ಮೇಲೆ ಜಾರುವ ಶಲ್ಯ, ಎದೆಯ ಮೇಲೆ ಜನಿವಾರ, ಒದ್ದೆ ಪಂಚೆ, ಬರಿಗಾಲು. ಆ ಕಾಗದ ಏನೇನು ಕೂಡದೆಂದಿತ್ತೋ ಅದೆಲ್ಲ ಸೇರಿದರೆ ನಾನು.

ಶಲ್ಯ ತೆಗೆದಿಟ್ಟೆ, ಒಣಪಂಚೆ ಉಟ್ಟು ಮೇಲಕ್ಕೆ ಕಟ್ಟಿದೆ. ಉಳಿದದ್ದು ಜನಿವಾರ. ಮೆಷಿನ್ನಿನ ತುದಿಯಲ್ಲಿ ತಿರುಗುವ ಬಿಟ್ಟಿಗೆ ಒಂದು ಎಳೆ ಸಿಕ್ಕಿದರೂ ಸಾಕು, ಅದು ನನ್ನನ್ನು ಗೋಡೆಗೆ ಪರಿಚಯ ಮಾಡಿಕೊಡುತ್ತಿತ್ತು. ನಮ್ಮ ಹಿರಿಯರು ಜನಿವಾರವನ್ನು ಜೋಪಾನ ಮಾಡಲು ಒಂದೇ ಉಪಾಯ ಹೇಳಿಕೊಟ್ಟಿದ್ದಾರೆ: ಕಿವಿಗೆ ಸುತ್ತಿಕೊಳ್ಳುವುದು. ಸುತ್ತಿಕೊಂಡು, ಮೆಷಿನ್ ಹಿಡಿದು ನಡುಮನೆಗೆ ಬಂದೆ. ನನ್ನ ಹೆಂಡತಿ ಅಡಿಗೆಮನೆಯಿಂದ ಇಣುಕಿ, “ಬಚ್ಚಲಿಗೆ ಹೊರಟವರು ಕೈಯಲ್ಲಿ ಅದೇನು ಹಿಡ್ಕೊಂಡಿದೀರಿ?” ಎಂದಳು. ಅಂದಿನಿಂದ ಬನಿಯನ್ ತೊಟ್ಟು, ಅದರೊಳಗೆ ಜನಿವಾರ ಸೇರಿಸಿಯೇ ನಾನು ಮೆಷಿನ್ ಮುಟ್ಟುವುದು.

ಇಷ್ಟಾದ ಮೇಲೆ ನನಗೆ ಕುತೂಹಲ ಹಿಡಿಯಿತು. ಈ ಯಂತ್ರಗಳನ್ನು ಮಾಡಿದವರು ಯಾರೋ ಎಲ್ಲೋ ಕೂತು, ಪ್ಯಾಂಟು ಶರಟು ತೊಟ್ಟು, ಷೂ ಕಟ್ಟಿದ ಮನುಷ್ಯನೊಬ್ಬನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದಾರೆ. ಅದು ಬಂದು ಸೇರುವುದು ಪಂಚೆ ಉಟ್ಟು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತವನ ಕೈಗೆ. ನನ್ನ ತಮ್ಮನನ್ನೇ ನೋಡಿ. ದೇವರಮನೆಯಲ್ಲಿ ತೂಗುದೀಪಕ್ಕೆ ಒಂದು ಕೊಂಡಿ ಬೇಕೆಂದು ಬಂದು ಮೆಷಿನ್ ಕೇಳಿದ. ಮಡಿಯಲ್ಲಿದ್ದ, ಮಡಿ ಎಂದರೆ ಒದ್ದೆ ಬಟ್ಟೆ, ಒದ್ದೆ ಜುಟ್ಟು, ಒದ್ದೆ ಕಾಲು. ದೇವರಮನೆಗೆ ಹಾಗಲ್ಲದೆ ಹೋಗುವಂತಿಲ್ಲ, ಮೆಷಿನ್ನನ್ನು ಹಾಗಿದ್ದು ಮುಟ್ಟುವಂತಿಲ್ಲ. ಕರೆಂಟಿನ ವಿಷಯವೆಲ್ಲ ವಿವರಿಸಿದೆ. ಅವನಿಗೆ ನನ್ನ ವಿವರಣೆಗಿಂತ ಮುಹೂರ್ತ ಮುಖ್ಯವಾಗಿತ್ತು. ಕೊನೆಗೆ ನಾನು ಅಮ್ಮನ ಕಡೆ ತಿರುಗಿ, “ಒದ್ದೆಯಲ್ಲಿ ಮುಟ್ಟಿದರೆ ಮೆಷಿನ್ನಿಗೆ ಮೈಲಿಗೆಯಾಗುತ್ತಮ್ಮ” ಎಂದುಬಿಟ್ಟೆ.

ಅಮ್ಮನಿಗೆ ತಟ್ಟನೆ ಅರ್ಥವಾಯಿತು. ಯಾರು ಮುಟ್ಟಬೇಕು, ಯಾವಾಗ ಮುಟ್ಟಬೇಕು, ಏನು ಉಟ್ಟಿರಬೇಕು, ಮುಟ್ಟಿದ ಮೇಲೆ ಎಲ್ಲಿಡಬೇಕು ಎಂಬ ಲೆಕ್ಕಾಚಾರದಲ್ಲೇ ಬದುಕು ಸವೆಸಿದವಳು ಅವಳು. ಉಪ್ಪಿನಕಾಯಿ ಜಾಡಿಗೆ ಇರುವ ಕಟ್ಟಳೆ ಈ ಹೊಸ ಸಾಮಾನಿಗೂ ಇದೆ ಎಂದಾದರೆ ಅದರಲ್ಲಿ ಆಶ್ಚರ್ಯವೇನು? ಅಂದಿನಿಂದ ಮೆಷಿನ್ ಅಮ್ಮನ ಸುಪರ್ದಿಗೆ ಬಂತು. ತಲೆ ಒರೆಸಿಕೊಳ್ಳದೆ ಅದರ ಹತ್ತಿರ ಸುಳಿದವರಿಗೆಲ್ಲ ಬೈಗುಳ. ಕೆಲಸ ಮುಗಿದ ಕೂಡಲೇ ಪ್ಲಗ್ಗಿನ ಪಿನ್ನು ಕೀಳಬೇಕು, ವೈರು ಸುತ್ತಬೇಕು, ಒಣಬಟ್ಟೆಯಲ್ಲಿ ಒರೆಸಬೇಕು, ಮೇಲಿನ ಗೂಡಿನಲ್ಲಿಡಬೇಕು. ಎಷ್ಟೋ ಕಾರ್ಖಾನೆಗಳಲ್ಲಿ ಇಂಥ ಶಿಸ್ತು ಇರಲಾರದು. ನನಗೆ ನನ್ನ ಬುದ್ಧಿವಂತಿಕೆಯ ಮೇಲೆ ಬಹಳ ಹೆಮ್ಮೆಯಾಯಿತು. ಹೆಮ್ಮೆ ಬಂದವನು ಸುಮ್ಮನಿರುತ್ತಾನೆಯೇ? ಅದೇ ಉಪಾಯವನ್ನು ನಾಗಮಂಗಲದಲ್ಲೂ ಪ್ರಯೋಗಿಸಲು ಹೋದೆ.

ನಾಗಮಂಗಲದಲ್ಲಿ ನಂಜುಂಡಾಚಾರ್ರು ಇದ್ದಾರೆ. ನಾನು ಆ ಊರಿನ ಶಾಲೆಯಲ್ಲಿದ್ದಾಗ ಪರಿಚಯವಾದವರು. ವರ್ಗವಾಗಿ ಪಾಂಡವಪುರಕ್ಕೆ ಬಂದ ಮೇಲೂ ಬಿಡುವಾದ ಭಾನುವಾರ ಬಸ್ಸು ಹತ್ತಿ ಹೋಗಿ ಅವರ ಷೆಡ್ಡಿನಲ್ಲಿ ಕೂತು ಬರುತ್ತೇನೆ. ಅವರ ನೆಂಟರಲ್ಲಿ ಕಂಚಿನ ವಿಗ್ರಹ ಎರಕ ಹೊಯ್ಯುವವರಿದ್ದಾರೆ. ಇವರದು ಮರಗೆಲಸ, ಅದರಲ್ಲೂ ಹಳೇ ಮರ. ಬೂಕನಕೆರೆ ಕಡೆಯೋ ಹೊಣಕೆರೆ ಕಡೆಯೋ ಹಳೆಯ ತೊಟ್ಟಿಮನೆ ಕೆಡವಿದರೆ ಅದರ ಕಂಬ, ತೊಲೆ, ಬಾಗಿಲುಗಳೆಲ್ಲ ಇವರ ಷೆಡ್ಡಿಗೆ ಬರುತ್ತವೆ. ಅದನ್ನು ಸೀಳಿ, ಕೊಯ್ದು, ಹೊಸ ಬಾಗಿಲುವಾಡ ಮಾಡುತ್ತಾರೆ. ಬಾಗಿಲುವಾಡದ ಮೇಲೆ ಕಮಲದ ಬಳ್ಳಿ ಕೆತ್ತುವುದರಲ್ಲಿ ಅವರದು ಎತ್ತಿದ ಕೈ. ಆ ಕೈಯ ವಿಷಯವೇ ನಾನು ಹೇಳಹೊರಟಿರುವುದು.

ಕೆತ್ತುವಾಗ ಅವರ ಕೈ ನೋಡಬೇಕು. ಉಳಿಯ ಬಾಯಿ ಎಲ್ಲಿ ಊರಿದೆಯೋ ಅದರ ಪಕ್ಕದಲ್ಲೇ ಎಡಗೈಯ ಕಿರುಬೆರಳು ಮರದ ಮೇಲೆ ಒರಗಿ, ಎಷ್ಟು ಆಳ ಹೋಯಿತೆಂದು ಕೇಳಿಸಿಕೊಳ್ಳುತ್ತಿರುತ್ತದೆ. ಆ ಕಿರುಬೆರಳಿಲ್ಲದಿದ್ದರೆ ಕಮಲವಿಲ್ಲ, ಕಮಲವಿಲ್ಲದಿದ್ದರೆ ಆಚಾರ್ರಿಲ್ಲ. ಇದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೂ ಉಳಿ ಕೆಳಗಿಟ್ಟು ಅವರು ಕಟ್ಟರ್ ಎತ್ತಿಕೊಂಡರೆಂದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕಟ್ಟರ್ ಎಂದರೆ ಅಂಗೈಯಗಲದ ಹಲ್ಲಿನ ಬ್ಲೇಡು ಗಿರ್ರನೆ ತಿರುಗಿ ಮರ ಕೊಯ್ಯುವ ಕೈಮೆಷಿನ್ನು. ಬ್ಲೇಡಿನ ಮೇಲರ್ಧವನ್ನು ಮುಚ್ಚಲು ತಗಡಿನ ಒಂದು ಅರ್ಧಚಂದ್ರ ಇರಬೇಕು, ಗಾರ್ಡು ಎನ್ನುತ್ತಾರೆ. ಆಚಾರ್ರ ಕಟ್ಟರಿಗೆ ಅದು ಇರಲಿಲ್ಲ. ಸಾಲದೆಂಬಂತೆ ಅವರು ಹಲಗೆಯನ್ನು ಹಿಡಿಯುತ್ತಿದ್ದದ್ದು ಕಾಲಿನಲ್ಲಿ. ನೆಲದ ಮೇಲೆ ಕೂತು, ಪಾದ ಊರಿ, ಹೆಬ್ಬೆರಳಿನಿಂದ ಹಲಗೆಯನ್ನು ಒತ್ತಿ ಹಿಡಿಯುವುದು. ಕೊಡಲಿಯಂಥ ಬಾಚಿಯಿಂದ ಮರ ಹೆರೆಯುತ್ತಿದ್ದ ಕಾಲದಿಂದ ಬಂದ ವಿದ್ಯೆ ಅದು. ಅವರ ಅಪ್ಪ ಹಾಗೇ ಕೂರುತ್ತಿದ್ದರು, ತಾತ ಹಾಗೇ ಕೂರುತ್ತಿದ್ದರು. ಕೈಗೆ ಹೊಸ ಮೆಷಿನ್ ಬಂತು, ಕಾಲು ಮಾತ್ರ ತಾತನದೇ ಉಳಿಯಿತು.

“ಅದಕ್ಕೊಂದು ಗಾರ್ಡಿರಬೇಕಲ್ಲ ಆಚಾರ್ರೇ?” ಎಂದು ಒಂದು ಸಲ ಕೇಳಿದೆ.

“ಇತ್ತು ಮೇಷ್ಟ್ರೇ, ಬಿಚ್ಚಾಕ್ಬುಟ್ಟೆ. ಅದಿದ್ರೆ ಗೆರೆ ಕಾಣಾಕಿಲ್ಲ. ಗೆರೆ ಕಾಣದಂಗೆ ಕುಯ್ದ್ರೆ ಅದು ಮರಗೆಲ್ಸವಾ, ಸೌದೆ ಕಡಿಯೋದಾ?”

ಇದಕ್ಕೇನು ಹೇಳುತ್ತೀರಿ? ನನ್ನ ಕನ್ನಡಕದ ಹಿಂದಿನಿಂದ ನಾನು ಎಷ್ಟು ಬುದ್ಧಿ ಹೇಳಿದರೂ ಅವರು ನಗುತ್ತಿದ್ದರು. ಕಣ್ಣಿಗೆ ಪುಡಿ ಹಾರದಿರಲೆಂದು ಅಗಲವಾದ ಒಂದು ಕನ್ನಡಕ ತಂದುಕೊಟ್ಟೆ. ‘ಚೆನ್ನಾಗೈತೆ’ ಎಂದು ಗೋಡೆಯ ಮೊಳೆಗೆ ನೇತುಹಾಕಿದರು. ಗೋಡೆಯ ಕಣ್ಣಿಗೆ ಇವತ್ತಿನವರೆಗೆ ಏನೂ ಬಿದ್ದಿಲ್ಲ.

ಇನ್ನೊಂದು ವಿಚಿತ್ರವನ್ನು ಹೇಳಿದರೆ ನೀವು ನಂಬಲಾರಿರಿ. ಮೆಷಿನ್ನುಗಳನ್ನು ಆಚಾರ್ರಷ್ಟು ಅಕ್ಕರೆಯಿಂದ ನೋಡಿಕೊಳ್ಳುವವರನ್ನು ನಾನು ಕಂಡಿಲ್ಲ. ಕೆಲಸ ಮುಗಿದ ಮೇಲೆ ಗಾಳಿ ಹೊಡೆದು ಒಳಗಿನ ಮರದ ಹೊಟ್ಟನ್ನೆಲ್ಲ ಹಾರಿಸುತ್ತಾರೆ. ವೈರು ಹಿಡಿದು ಮೆಷಿನ್ ಎತ್ತಿದವನಿಗೆ ಷೆಡ್ಡಿನಲ್ಲಿ ಜಾಗವಿಲ್ಲ. ವೈರು ಎಲ್ಲಾದರೂ ಸೀಳಿದ್ದರೆ ಟೇಪು ಸುತ್ತಿ ದಿನ ದೂಡುವವರಲ್ಲ, ಪೂರಾ ಬದಲಾಯಿಸುವವರು. ಬ್ಲೇಡು ಮೊಂಡಾದರೆ ಅವರಿಗೆ ನಿದ್ದೆ ಹತ್ತದು. ಮೊಂಡು ಬ್ಲೇಡಿನಿಂದ ಒತ್ತಬೇಕಾಗುತ್ತದೆ, ಒತ್ತಿದರೆ ಅದು ಎಗರುತ್ತದೆ. ಹರಿತವಾದದ್ದೇ ಸಾಧು ಎನ್ನುತ್ತಾರೆ. ಬ್ಲೇಡು ಬಿಚ್ಚುವಾಗ ಪಿನ್ನು ಕಿತ್ತು, ಅದು ತಮ್ಮ ಕಣ್ಣೆದುರಿಗೇ ಇರುವಂತೆ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಮೆಷಿನ್ನಿನ ಶಬ್ದ ಒಂದಿಷ್ಟು ಬದಲಾದರೂ ಸಾಕು, ತಲೆ ವಾರೆ ಮಾಡಿ ಕೇಳಿ, “ಬೇರಿಂಗು ಕೊರಗ್ತಾ ಐತೆ” ಎನ್ನುತ್ತಾರೆ. ಮೋಟಾರಿನೊಳಗೆ ಕಿಡಿ ಹೆಚ್ಚಾಯಿತೆಂದರೆ ಕಾರ್ಬನ್ ಸವೆದಿದೆಯೆಂದು ಅವತ್ತೇ ಹೊಸದು ಹಾಕುತ್ತಾರೆ. ಅದೇ ಮನುಷ್ಯನ ಕಣ್ಣಿಗೆ ಹೊಟ್ಟು ಬಿದ್ದರೆ? ಪಂಚೆಯ ಚುಂಗಿನಿಂದ ಉಜ್ಜಿಕೊಂಡು ಸುಮ್ಮನಾಗುತ್ತಾರೆ.

ಇದೇಕೆ ಹೀಗೆ ಎಂಬುದೇ ನನಗೆ ಬಿಡಿಸಲಾರದ ಒಗಟಾಗಿತ್ತು. ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೆ. ದಾರಿಯಲ್ಲಿ ಒಂದು ಕಡೆ ಬಸ್ಸು ನಿಂತಾಗ ಹೊರಗೆ ನೋಡಿದರೆ, ಹೆದ್ದಾರಿಯಲ್ಲಿ ಬೈಕಿನವರು ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೋಗುತ್ತಾರೆ. ನಮ್ಮ ಜನರಿಗೆ ಮೊಣಕೈ ಮೇಲಿರುವ ಪ್ರೀತಿ ತಲೆಯ ಮೇಲೇಕಿಲ್ಲ? ಆಯುಧಪೂಜೆಯ ದಿನ ಬೈಕು ತೊಳೆದು, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಯಾವ ಅಪಾಯವೂ ಬಾರದಿರಲೆಂದು ಬೂದುಗುಂಬಳಕಾಯಿಯನ್ನು ನಡುರಸ್ತೆಯಲ್ಲಿ ಒಡೆಯುತ್ತೇವೆ. ಆ ಕುಂಬಳಕಾಯಿಯ ಮೇಲೆ ಜಾರಿ ಬಿದ್ದವರನ್ನು ಎತ್ತಿ ಕೂರಿಸಿ ನೀರು ಕೊಡುವವರೂ ನಾವೇ. ಭಕ್ತಿಗೇನೂ ಕೊರತೆಯಿಲ್ಲ.

ಮೇಷ್ಟರ ಬುದ್ಧಿ ಎಲ್ಲಿ ಹೋದರೂ ಶಾಲೆಗೇ ಬಂದು ನಿಲ್ಲುತ್ತದೆ. ನನಗೆ ಹೊಳೆದದ್ದು ಇಷ್ಟು: ಉಳಿ, ಬಾಚಿಗಳು ಒಂದನೇ ಕ್ಲಾಸಿನ ಮೇಷ್ಟರಿದ್ದಂತೆ. ತಪ್ಪಿದಾಗಲೆಲ್ಲ ಒಂದಿಷ್ಟು ಗೀರಿ, ಒಂದು ತೊಟ್ಟು ರಕ್ತ ತೆಗೆದು, ಕಿವಿ ಹಿಂಡಿ ಕಲಿಸುತ್ತವೆ. ಕೈ ನಿಂತರೆ ಅವೂ ನಿಲ್ಲುತ್ತವೆ. ಮೆಷಿನ್ನು ಹಾಗಲ್ಲ. ವರ್ಷವಿಡೀ ಏನೂ ಅನ್ನುವುದಿಲ್ಲ. ಕೈ ಅಂಚಿಗೆ ಬಂದರೂ ಸುಮ್ಮನಿರುತ್ತದೆ, ಕಾಲು ಅಡ್ಡ ಬಂದರೂ ಸುಮ್ಮನಿರುತ್ತದೆ. ಏನೂ ಆಗಲಿಲ್ಲವಲ್ಲ ಎಂದು ನಾವು ಅದನ್ನೇ ಪಾಠವೆಂದು ಕಲಿಯುತ್ತೇವೆ. ಆಮೇಲೆ ಒಂದೇ ಒಂದು ದಿನ ಪರೀಕ್ಷೆ. ಸ್ವಿಚ್ಚು ಆರಿಸಿದ ಮೇಲೂ ಬ್ಲೇಡು ಒಂದಷ್ಟು ಹೊತ್ತು ತಿರುಗುತ್ತಲೇ ಇರುವುದನ್ನು ನೀವು ನೋಡಿರಬಹುದು. ಕೋಪಿಷ್ಠರು ಜಗಳ ಮುಗಿದ ಮೇಲೂ ಗೊಣಗುವಂತೆ. ಆಗ ಹತ್ತಿರ ಹೋಗಬಾರದೆಂದು ಮನೆಯಲ್ಲಿ ಕಲಿತಿರುವ ನಾವು ಷೆಡ್ಡಿನಲ್ಲಿ ಮರೆಯುತ್ತೇವೆ.

ಇದೆಲ್ಲ ನನ್ನ ಒಣ ತರ್ಕ. ಭಯ ಎಂದರೇನೆಂದು ನನಗೆ ಕಾಣಿಸಿದವರು ಆಚಾರ್ರ ಹೆಂಡತಿ ಜಯಮ್ಮ. ಒಂದು ದಿನ ನಾನು ಅವರ ಅಡಿಗೆಮನೆಯ ಹೊಸಿಲ ಬಳಿ ಕಾಫಿಗೆ ಕಾದು ಕೂತಿದ್ದೆ. ಷೆಡ್ಡಿನಿಂದ ಕಟ್ಟರಿನ ಕಿರುಚಾಟ ಕೇಳುತ್ತಿತ್ತು. ಜಯಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದರು. ಕಟ್ಟರ್ ತಟ್ಟನೆ ನಿಂತಿತು. ಜರಡಿಯೂ ನಿಂತಿತು. ಅವರ ಎರಡೂ ಕೈ ಗಾಳಿಯಲ್ಲಿ ಹಾಗೇ ಇದ್ದವು. ಷೆಡ್ಡಿನಿಂದ ಆಚಾರ್ರು ಕೆಮ್ಮಿದ ಸದ್ದು ಬಂದ ಮೇಲೆ ಜರಡಿ ಮತ್ತೆ ಆಡಿತು. ನಾನು ನೋಡಿದ್ದನ್ನು ಅವರು ನೋಡಿದರು.

“ಮಿಷಿನ್ ನಿಂತ್ರೆ ನಂಗೆ ಎದೆ ನಿಂತಂಗಾಯ್ತದೆ ಮೇಷ್ಟ್ರೇ,” ಎಂದರು. “ಅವ್ರು ಕೆಮ್ಮಿದ್ ಮೇಲೇ ಜೀವ ಬರೋದು. ಮದುವೆ ಆದಾಗಿಂದ ಆ ಕೆಮ್ಮು ವಾಸಿಯಾಗ್ಲಿ ಅಂತ ಅರಕೆ ಒತ್ತಿದ್ದೆ. ಈಗ ವಾಸಿಯಾಗದಿದ್ರೆ ಸಾಕು ಅಂತೀನಿ.”

ಆಚಾರ್ರಿಗೆ ಇದನ್ನು ಹೇಳಿದ್ದೀರಾ ಎಂದು ಕೇಳಿದೆ. ಹೇಳಿ ಹೇಳಿ ಬಾಯಿ ಸವೆಯಿತು ಎಂದರು. ಕಾಫಿ ಕುಡಿದೆ, ರುಚಿ ಗೊತ್ತಾಗಲಿಲ್ಲ. ಬಸ್ಸು ಹತ್ತುವ ಹೊತ್ತಿಗೆ ನಿಶ್ಚಯ ಮಾಡಿದ್ದೆ: ಅಮ್ಮನ ಮೇಲೆ ನಡೆದ ಮಂತ್ರವನ್ನು ಇವರ ಮೇಲೂ ಹಾಕಬೇಕು.

ಆಯುಧಪೂಜೆ ಬಂತು. ಆಚಾರ್ರ ಮನೆಯಲ್ಲಿ ಪೂಜೆ ಮಾಡಲು ನನ್ನ ಅಗತ್ಯವೇನೂ ಇಲ್ಲ. ಅವರೂ ಜನಿವಾರದವರು, ಅವರ ಮಂತ್ರ ಅವರಿಗೆ ಬರುತ್ತದೆ. ಆದರೆ ಮೊದಲ ಮಂಗಳಾರತಿಯನ್ನು ಮಾತ್ರ ಸ್ನೇಹದಿಂದ ನನ್ನ ಕೈಗೆ ಕೊಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಮೇಷ್ಟರ ಕೈ ತಣ್ಣಗಿದೆಯಂತೆ. ಆವತ್ತು ಷೆಡ್ಡು ಸಾರಿಸಿ ರಂಗೋಲಿ ಹಾಕಿತ್ತು. ಹಲಗೆಯ ಮೇಲೆ ಉಳಿ, ಬಾಚಿ, ಗರಗಸಗಳು ವಿಭೂತಿ ಕುಂಕುಮ ಹಚ್ಚಿಕೊಂಡು ಸಾಲಾಗಿ ಮಲಗಿದ್ದವು. ನಡುವೆ ಕಟ್ಟರು, ಕೊರಳಿಗೆ ಸೇವಂತಿಗೆ. ಎಲ್ಲಕ್ಕೂ ಮುಂದೆ ಪುಟ್ಟ ಕಂಚಿನ ಗಣಪ. ಅವರ ನೆಂಟರು ಎರಕ ಹೊಯ್ದುಕೊಟ್ಟದ್ದು. ಗಣಪನ ಬೆನ್ನಿಗೆ ಚಿನ್ನದ ಬಣ್ಣದ ಪ್ರಭಾವಳಿ ಥಳಥಳ ಹೊಳೆಯುತ್ತಿತ್ತು. ‘ಬಹಳ ಚೆನ್ನಾಗಿದೆ’ ಎಂದೆ. ಆಚಾರ್ರು ಸಂಕೋಚದಿಂದ ನಕ್ಕರು. ಮೀಸೆಯ ಕೆಳಗಿನ ಆ ನಗುವಿನ ಅರ್ಥ ಆಗ ನನಗೆ ತಿಳಿಯಲಿಲ್ಲ.

ತಟ್ಟೆಯಲ್ಲಿ ಕರ್ಪೂರ ಹತ್ತಿಸಿ ನನ್ನ ಕೈಗಿತ್ತರು. ಅಣ್ಣತಮ್ಮಂದಿರು, ನೆಂಟರು, ಅಕ್ಕಪಕ್ಕದವರು ಕೈ ಮುಗಿದು ನಿಂತಿದ್ದರು. ನಾನು ಎತ್ತಲಿಲ್ಲ.

“ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ ಆಚಾರ್ರೇ,” ಎಂದೆ. “ನಮ್ಮ ದೇವಸ್ಥಾನದಲ್ಲೂ ಇಲ್ಲ, ನಿಮ್ಮ ಎರಕದವರಲ್ಲೂ ಇಲ್ಲ. ಕೈ ಮುರಿದ ವಿಗ್ರಹವನ್ನು ಯಾರಾದರೂ ಪೀಠದ ಮೇಲಿಡುತ್ತಾರೆಯೇ? ಆ ಕಟ್ಟರಿಗೆ ಗಾರ್ಡಿಲ್ಲ. ಅಂಗಹೀನ. ನಾನು ಹೇಗೆ ಮಂಗಳಾರತಿ ಎತ್ತಲಿ?”

ಏಟು ಸರಿಯಾಗಿ ಬಿದ್ದಿದೆಯೆಂದು ನಾನು ಒಳಗೊಳಗೇ ಹಿಗ್ಗಿದೆ. ಎರಕದ ನೆಂಟರೊಬ್ಬರು ಹೌದೆನ್ನುವಂತೆ ತಲೆಯಾಡಿಸಿದರು. ಆಚಾರ್ರು ಮಾತ್ರ ಗಣಪನ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ಮೇಷ್ಟ್ರೇ, ಗಣಪ್ಪನ ಒಂದು ದಂತ ಮುರುದೈತಲ್ಲ,” ಎಂದರು. “ಅವನಿಗೇ ಮೊದಲ್ ಪೂಜೆ ಮಾಡ್ತೀವಲ್ಲ, ಅದೆಂಗೆ?”

ನೆಂಟರು ಗೊಳ್ಳೆಂದರು. ಕರ್ಪೂರ ಉರಿಯುತ್ತಿತ್ತು, ತಟ್ಟೆ ಬಿಸಿಯಾಗುತ್ತಿತ್ತು, ನನ್ನ ತಲೆಯಲ್ಲಿ ಮಾತ್ರ ಏನೂ ಹೊತ್ತಿಕೊಳ್ಳಲಿಲ್ಲ. ಆಚಾರ್ರು ಅಷ್ಟಕ್ಕೇ ಬಿಡುವವರಲ್ಲ. “ನಿಮ್ಮೂರ್ ದೇವ್ರನ್ನೇ ತಗಳಿ. ಬೆರಳ ತುದೀಲಿ ಚಕ್ರ ತಿರುಗುಸ್ತಾನೆ. ಅದ್ಕೆಲ್ಲೈತೆ ಗಾರ್ಡು?”

ತಲೆತಲಾಂತರದಿಂದ ಆ ದೇವರ ಅನ್ನ ತಿಂದ ಮನೆತನ ನಮ್ಮದು. ಚಕ್ರಕ್ಕೆ ಗಾರ್ಡಿಲ್ಲವೆಂದು ನಮ್ಮಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ. ಶಾಸ್ತ್ರದಿಂದ ಶುರು ಮಾಡಿದವನು ಶಾಸ್ತ್ರದಲ್ಲೇ ಸೋತರೆ ಹೋಗುವುದೆಲ್ಲಿಗೆ? “ಗಾರ್ಡು ಎಲ್ಲಿದೆ ಹೇಳಿ ಮೊದಲು,” ಎಂದು ಗದರಿದೆ. ಸೋತ ಮೇಷ್ಟರು ಮಾಡುವುದು ಅದನ್ನೇ.

ಆಚಾರ್ರು ನೆಲ ನೋಡಿದರು. ಉತ್ತರ ಬಂದದ್ದು ಹಿಂದೆ ನಿಂತಿದ್ದ ಜಯಮ್ಮನಿಂದ. “ನಿಮ್ ಕಣ್ಣೆದುರಿಗೇ ಐತಲ್ಲ ಮೇಷ್ಟ್ರೇ. ಗಣಪ್ಪನ್ ಬೆನ್ನಿಗೆ.”

ಬಗ್ಗಿ ನೋಡಿದೆ. ಹೌದು, ಅದೇ ಅರ್ಧಚಂದ್ರ. ಅಂಚಿಗೆ ಚುಕ್ಕಿ ಕೊಟ್ಟು, ನೆತ್ತಿಯಲ್ಲಿ ಸಿಂಹಮುಖ ಬರೆದು, ಚಿನ್ನದ ಬಣ್ಣ ಬಳಿದಿದ್ದರು. ಬುಡದಲ್ಲಿ ಸ್ಕ್ರೂ ತೂತು ಮಾತ್ರ ಹಾಗೇ ಇತ್ತು. ಗಣಪನ ಅಳತೆಗೆ ಹೇಳಿಮಾಡಿಸಿದಂತೆ ಕೂತಿತ್ತು. ನಾನು ನಗಲೋ ಅಳಲೋ ತಿಳಿಯದೆ ನಿಂತೆ. ಒಂದು ಹಾಳು ತಗಡನ್ನೂ ಬಿಸಾಡದೆ ಇಷ್ಟು ಚಂದ ಮಾಡುವ ಕೈ ಉಳಿಯಬೇಕಲ್ಲ ಎಂದುಕೊಂಡೆ.

ಈಗ ಆಚಾರ್ರಿಗೆ ಇನ್ನೊಂದು ಆಯುಧ ಸಿಕ್ಕಿತು. “ದೇವ್ರಿಗೆ ಏರ್ಸಿದ್ದನ್ನ ಕಿತ್ತು ಮಿಷಿನ್ನಿಗೆ ಆಕೋದಾ? ದೇವಸ್ಥಾನದೋರು ನೀವೇ ಏಳಿ. ಶಾಸ್ತ್ರ ಒಪ್ತದಾ?”

ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಶಾಸ್ತ್ರ ಹುಡುಕತೊಡಗಿದೆ. ನನ್ನ ಶಾಸ್ತ್ರವೂ ನಾಗಮಂಗಲದ ಬಸ್ಸೂ ಒಂದೇ, ಬೇಕೆಂದಾಗ ಬರುವುದಿಲ್ಲ. ಅಷ್ಟರಲ್ಲಿ ಜಯಮ್ಮ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದರು. ಗಣಪನಿಗೆ ಕೈ ಮುಗಿದು, ಕೆನ್ನೆ ಬಡಿದುಕೊಂಡು, ಪ್ರಭಾವಳಿಯನ್ನು ಎರಡೂ ಕೈಯಿಂದ ಎತ್ತಿ ಗಂಡನ ಮುಂದೆ ಹಿಡಿದರು.

“ಗಣಪ್ಪಂಗೆ ನಾಕು ಕೈ ಅವೆ,” ಎಂದರು. “ನಿಮಗಿರೋವು ಎಲ್ಡೇ. ಆಕ್ಕಳಿ.”

ಈ ಸಲ ಯಾರೂ ನಗಲಿಲ್ಲ. ಆಚಾರ್ರು ಹೆಂಡತಿಯ ಮುಖವನ್ನು ನೋಡಿದರು. ಪ್ರಭಾವಳಿ ಹಿಡಿದ ಜಯಮ್ಮನ ಕೈ ಕೆಳಗಿಳಿಯಲಿಲ್ಲ. ಜರಡಿ ಹಿಡಿದು ಗಾಳಿಯಲ್ಲಿ ನಿಂತಿದ್ದ ಅದೇ ಕೈಗಳು. ಆಗ ನನಗೆ ಶಾಸ್ತ್ರ ಬಂತು, ಎಲ್ಲ ಮುಗಿದ ಮೇಲೆ. “ದೇವರಿಗೆ ಏರಿಸಿದ ಹೂವನ್ನು ಕೊಟ್ಟರೆ ಬೇಡ ಅನ್ನುತ್ತೀರಾ ಆಚಾರ್ರೇ? ಇದೂ ಹಾಗೇ. ಪ್ರಸಾದ ಅಂತ ತಗೊಳ್ಳಿ,” ಎಂದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಆವತ್ತು ಆಯುಧ ಮುಟ್ಟುವಂತಿಲ್ಲ ನಿಜ, ಆದರೆ ಸ್ಕ್ರೂಡ್ರೈವರ್ ತಂದು ಅಲ್ಲೇ ಕೂತು ಗಾರ್ಡು ತೊಡಿಸಿದರು. ಯಾರೂ ಆಕ್ಷೇಪಿಸಲಿಲ್ಲ. ನಾನು ಹೊಸ ಕರ್ಪೂರ ಹತ್ತಿಸಿ ಮಂಗಳಾರತಿ ಎತ್ತಿದೆ. ಪ್ರಭಾವಳಿ ಕಳಚಿಕೊಂಡ ಗಣಪ ಮೊದಲಿಗಿಂತ ಚಿಕ್ಕವನಾಗಿ ಕಂಡ, ಅವನೇನೂ ಬೇಜಾರು ಮಾಡಿಕೊಂಡ ಹಾಗಿರಲಿಲ್ಲ. ಪುರಿ ಬೆಲ್ಲ ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ನಾನು ಶಾಸ್ತ್ರಾರ್ಥದಲ್ಲಿ ಸೋತದ್ದು ಅವಳಿಗೆ ಅಷ್ಟು ಹಿಡಿಸಲಿಲ್ಲ. “ಅಲ್ಲವೋ, ಆ ದಂತ ಮುರಿದದ್ದಲ್ಲ, ಅವನೇ ಮುರಿದುಕೊಂಡದ್ದು ಅನ್ನಬಾರದಾಗಿತ್ತೇ?” ಎಂದಳು. ಅದೂ ನಿಜ. ಆದರೆ ತನ್ನ ಅಂಗ ತಾನೇ ಮುರಿದುಕೊಳ್ಳುವವರಿಗೆ ಮೊದಲ ಪೂಜೆ ಎಂದಾಗಿಬಿಟ್ಟರೆ ನನ್ನ ಕಟ್ಟರಿನ ವಾದ ಏನಾಗಬೇಕು?

ಗಾರ್ಡು ಅಲ್ಲೇ ಉಳಿಯುತ್ತದೆಂದು ನನಗೇನೂ ನಂಬಿಕೆಯಿರಲಿಲ್ಲ. ಹಬ್ಬದ ಬಿಸಿ ಆರಿದ ಮೇಲೆ ಬಿಚ್ಚಿಡುವುದು ನಮ್ಮವರ ಅಭ್ಯಾಸ; ಬೈಕಿನ ಹಾರ ಬಾಡಿದ ಮೇಲೆ ಹೆಲ್ಮೆಟ್ಟೂ ಮೊಣಕೈಗೆ ಹೋಗುತ್ತದಲ್ಲ. ಸಂಕ್ರಾಂತಿ ಕಳೆಯಿತು. ಒಂದು ಮಧ್ಯಾಹ್ನ ಶಾಲೆಯಲ್ಲಿ ಕೂತಿದ್ದಾಗ ಆಚಾರ್ರ ಫೋನು ಬಂತು. ದನಿ ಎಂದಿನಂತಿರಲಿಲ್ಲ.

“ಮೇಷ್ಟ್ರೇ, ಪ್ರಸಾದ ನೆಗ್ಗೋಗೈತೆ.”

“ಕೈ?” ಎಂದೆ.

“ಆ ಕೈಲೇ ಫೋನ್ ಇಡ್ಕಂಡಿವ್ನಿ,” ಎಂದರು. ಆಮೇಲೆ ನಿಧಾನವಾಗಿ ಹೇಳಿದರು. ಹೊಣಕೆರೆಯ ಹಳೇ ಮನೆಯ ತೊಲೆ ಕೊಯ್ಯುತ್ತಿದ್ದರಂತೆ. ಮರದ ಹೊಟ್ಟೆಯೊಳಗೆ ಯಾವ ಕಾಲದಲ್ಲೋ ಹೊಡೆದ ಕಬ್ಬಿಣದ ಮೊಳೆ ಮುಳುಗಿ ಕೂತಿತ್ತು. ಬ್ಲೇಡು ಅದಕ್ಕೆ ತಗುಲಿ ಒಂದು ಹಲ್ಲು ಮುರಿದು ಸಿಡಿಯಿತು. ಸಿಡಿದದ್ದು ಬಂದ ದಾರಿಯಲ್ಲಿ ಗಾರ್ಡಿತ್ತು. ಗಾರ್ಡಿನಿಂದ ಆಚೆಗೆ ಎಡಗೈ ಇತ್ತು. “ಟಣ್ ಅಂತು ಮೇಷ್ಟ್ರೇ. ಮಿಷಿನ್ ನಿಂತೋಯ್ತು. ನಾನು ಕೆಮ್ಮೋಕ್ ಮುಂಚೆನೇ ಇವ್ಳು ಬಾಗ್ಲಲ್ಲಿ ನಿಂತವ್ಳೆ. ಬಿಳಿಚ್ಕಂಡು. ಇಂಗ್ ನಿಂತ್ಕಂಡೇ ಇದ್ಲಾ ಇವ್ಳು ಇಷ್ಟ್ ವರ್ಷ?”

ಹೌದು ಎಂದೆ. ಅವರು ಒಮ್ಮೆ ಕೆಮ್ಮಿ, ಫೋನಿಟ್ಟರು.

ಮುಂದಿನ ಭಾನುವಾರ ಮೊದಲ ಬಸ್ಸಿಗೇ ಹೊರಟೆ. ಷೆಡ್ಡಿನಲ್ಲಿ ತೊಲೆಯನ್ನು ಬೆಂಚಿಗೆ ಏರಿಸಿ ಕ್ಲಾಂಪು ಬಿಗಿದಿತ್ತು. ತಾತನ ಕಾಲಿಗೆ ಕೊನೆಗೂ ರಜೆ ಸಿಕ್ಕಿತ್ತು. ಒಂದು ಮೂಲೆಯಲ್ಲಿ ಮೊಳೆ ಹುಡುಕಲು ಅಯಸ್ಕಾಂತ ಕಟ್ಟಿದ ಕೋಲು. ಗಾರ್ಡಿನ ಚಿನ್ನದ ಬಣ್ಣ ಅಲ್ಲಲ್ಲಿ ಕಿತ್ತಿತ್ತು. ಸಿಂಹಮುಖದ ಪಕ್ಕದಲ್ಲಿ ತಗಡು ಒಳಗಿನಿಂದ ಉಬ್ಬಿ ನಿಂತಿತ್ತು. ಹೊಸದು ತರಿಸಲು ಆಚಾರ್ರು ಅಂಗಡಿಗೆ ಹೇಳಿದ್ದಾರಂತೆ, ಹಳೆಯದನ್ನು ಹಾಗೇ ಗಣಪನ ಬೆನ್ನಿಗೆ ಮರಳಿಸುವುದೆಂದು ಜಯಮ್ಮ ತೀರ್ಮಾನಿಸಿದ್ದರು. ನಾನು ಕೊಟ್ಟ ಕನ್ನಡಕ ಮಾತ್ರ ಇನ್ನೂ ಮೊಳೆಯ ಮೇಲೇ ಇತ್ತು. ಅದಕ್ಕಾಗಿ ಇನ್ನೊಂದು ಹಬ್ಬ ಕಾಯಬೇಕೇನೋ.

ನನ್ನನ್ನು ಕಂಡು ಆಚಾರ್ರು ಎದ್ದು ಬಂದು ಕೈ ಮುಗಿದರು. ನನ್ನ ಕಣ್ಣು ಎಂದಿನಂತೆ ಮುಖ ಬಿಟ್ಟು ಕೈಗೆ ಹೋಯಿತು. ಹೆಬ್ಬೆರಳು, ತೋರುಬೆರಳು, ಉಗುರಿನೊಳಗೆ ಹೊಟ್ಟು ತುಂಬಿದ ನಡುಬೆರಳು. ಅವರು ಕೈ ಇಳಿಸಲಿಲ್ಲ. ಮುಗಿದ ಕೈಯನ್ನು ಇನ್ನಷ್ಟು ಎತ್ತಿ, ನನ್ನ ಕನ್ನಡಕದ ಹತ್ತಿರಕ್ಕೆ ತಂದು, ಕಮಲ ಕೆತ್ತುವ ಆ ಎಡಗೈಯ ಕಿರುಬೆರಳನ್ನು ಒಂದು ಸಲ ಆಡಿಸಿ ತೋರಿಸಿದರು.

“ನಿಧಾನಕ್ಕೆ ನೋಡ್ಕಳಿ ಮೇಷ್ಟ್ರೇ,” ಎಂದರು. “ನಮಸ್ಕಾರ ಆಮೇಲೆ ಏಳೀರಂತೆ.”